ಸುರಪುರ ಸೀಮೆಯ ಬೇಡರ ಪಡೆ ಮತ್ತು ಸೊಂಟದ ಕಠಾರಿ

ಕೃಷ್ಣೆಯ ದಡದ ತಿಂಥಣಿ ಸುರಪುರದ ಬೇಡ ನಾಯಕರ ಸೀಮೆಗೆ ಸೇರಿದ ಊರು. 17ನೆಯ ಶತಮಾನದ ಕೊನೆಯ ಹೊತ್ತಿಗೆ ದಖ್ಖನಿನಲ್ಲಿ ಬೇಡರ ಕಾಲಾಳು ಪಡೆಗೆ ದೊಡ್ಡ ಹೆಸರಿತ್ತು. ಗುರಿ ತಪ್ಪದ ಕೋವಿಗೂ ಕತ್ತಲಲ್ಲಿ ಶತ್ರುವಿನ ಪಾಳೆಯಕ್ಕೆ ನುಗ್ಗಿ ಕೊಳ್ಳೆ ಹೊಡೆಯುವ ಎದೆಗಾರಿಕೆಗೂ ಮೊಗಲರ ಸೇನೆ ಅಂಜುತ್ತಿತ್ತು.

ಬೇಡರ ಮುಖ್ಯ ಆಯುಧ ಬತ್ತಿಕೋವಿ. ಒಮ್ಮೆ ಹಾರಿಸಿದ ಮೇಲೆ ಮದ್ದು ಸುರಿದು, ಗುಂಡು ಜಡಿದು, ಬತ್ತಿ ಸರಿಪಡಿಸುವಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಿದ್ದ. ರಾತ್ರಿಯಂತೂ ಬತ್ತಿಯ ಕೆಂಡವೇ ಕಾವಲುಗಾರನಿಗೆ ಸುಳಿವು. ಮೊದಲ ಗುಂಡಿನ ಸದ್ದಿಗೆ ಇಡೀ ಪಾಳೆಯ ಎದ್ದು ನಿಲ್ಲುತ್ತಿತ್ತು. ಕೋವಿ ಬಂದ ಮೇಲೂ ಕಿರುಗತ್ತಿಯ ಕೆಲಸ ಮುಗಿಯದಿದ್ದುದು ಇದಕ್ಕೇ.

ಆ ಕಾಲದ ದಖ್ಖನಿನ ಯೋಧರು ಸೊಂಟಕ್ಕೆ ಸಿಕ್ಕಿಸುತ್ತಿದ್ದ ಕಿರುಗತ್ತಿಗಳಲ್ಲಿ ಕಠಾರಿಯ ರಚನೆ ವಿಶೇಷವಾದದ್ದು. ಎರಡು ಸಮಾನಾಂತರ ಪಟ್ಟಿಗಳ ನಡುವೆ ಅಡ್ಡಹಿಡಿ. ಹಿಡಿದ ಮುಷ್ಟಿಯ ನೇರಕ್ಕೇ ಅಲಗು ಚಾಚಿರುತ್ತದೆ. ಅಕ್ಕಪಕ್ಕದ ಪಟ್ಟಿಗಳು ಮಣಿಕಟ್ಟನ್ನು ಕಾಯುತ್ತವೆ. ಇರಿದಾಗ ತೋಳು, ಭುಜಗಳ ಬಲವೆಲ್ಲ ಮೊನೆಗೆ ಇಳಿಯುತ್ತದೆ. ಮೊನೆಯನ್ನು ದಪ್ಪವಾಗಿಸಿದ ಕಠಾರಿಗಳೂ ಇದ್ದವು. ಅವು ಉಕ್ಕಿನ ಬಳೆಗಳ ಕವಚವನ್ನೂ ಸೀಳುತ್ತಿದ್ದವು.

ಅಲಗಿನ ಹಿಂದೆ ಕಮ್ಮಾರನ ಕುಲುಮೆಯಿದೆ. ಕಮ್ಮಾರ, ಬಡಗಿ, ಕಂಚುಗಾರ, ಶಿಲ್ಪಿ, ಅಕ್ಕಸಾಲಿಗರೆಂಬ ಪಾಂಚಾಳರ ಆರಾಧ್ಯನಾದ ಮೌನೇಶ್ವರನ ಗದ್ದುಗೆ ತಿಂಥಣಿಯಲ್ಲೇ ಇದೆ. ಹಿಂದೂ ಮುಸ್ಲಿಮರಿಬ್ಬರೂ ಅಲ್ಲಿಗೆ ನಡೆದುಕೊಳ್ಳುತ್ತಾರೆ. ಕುಳ ಬಡಿಯುವ ಅಡಿಗಲ್ಲಿನ ಮೇಲೆಯೇ ಕತ್ತಿಯೂ ರೂಪುಗೊಳ್ಳುತ್ತಿದ್ದ ಕಾಲದಲ್ಲಿ, ಕಾಸಿದ ಅಲಗನ್ನು ನೀರಿಗೋ ಎಣ್ಣೆಗೋ ಅದ್ದಿ ಹದ ಕೊಡುವ ಜಾಣ್ಮೆಗೆ ಬೆಲೆ ಬಹಳ. ಹದ ಮೀರಿದರೆ ಅಲಗು ಸಿಡಿಯುತ್ತದೆ, ಸಾಲದಿದ್ದರೆ ಬಾಗುತ್ತದೆ.

ಈ ಬೇಡರನ್ನು ಮಣಿಸಲು 1705ರ ಫೆಬ್ರವರಿಯಲ್ಲಿ ಮೊಗಲ ಬಾದಶಹ ಔರಂಗಜೇಬ ಸ್ವತಃ ಬಂದು ಅವರ ವಾಗಿನಗೇರಿ ಕೋಟೆಗೆ ಮುತ್ತಿಗೆ ಹಾಕಿದ. ಸುರಪುರದ ಅರಸ ಪೀತಾಂಬರ ಬಹರಿ ಪಿಡ್ಡ ನಾಯಕನ ಪಡೆ ಏಪ್ರಿಲ್ ಕೊನೆಯವರೆಗೂ ಕಾದಾಡಿ, ಕೊನೆಗೆ ರಾತ್ರೋರಾತ್ರಿ ಕೋಟೆ ಬಿಟ್ಟು ತಪ್ಪಿಸಿಕೊಂಡಿತು. ಬಾದಶಹನಿಗೆ ದಕ್ಕಿದ್ದು ಬರಿಗೋಟೆ. ಅವನು ತಾನೇ ನಿಂತು ನಡೆಸಿದ ಕೊನೆಯ ಮುತ್ತಿಗೆ ಇದು.

ಆಯುಧಕ್ಕೆ ಕುತ್ತು ಬಂದದ್ದು ಕಾನೂನಿನಿಂದ. ಬ್ರಿಟಿಷರ 1857ರ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಮುಧೋಳ ಸೀಮೆಯ ಹಲಗಲಿಯ ಬೇಡರು ಧಿಕ್ಕರಿಸಿದರು. ಕತ್ತಿ, ಕೋವಿ ಅವರ ಮಾನದ ಜೊತೆಗೆ ಅನ್ನದ ದಾರಿಯೂ ಆಗಿದ್ದವು. ಬ್ರಿಟಿಷ್ ಪಡೆ ಊರಿಗೇ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ ಹಲವರನ್ನು ಗಲ್ಲಿಗೇರಿಸಿತು. ಮರುವರ್ಷ ಸುರಪುರದ ರಾಜಾ ವೆಂಕಟಪ್ಪ ನಾಯಕನ ಬಂಡಾಯವೂ ಮುರಿಯಿತು. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು.

ಸದ್ದಿಲ್ಲದ ಅಲಗಿನ ಅಗತ್ಯ ಆಧುನಿಕ ಸೇನೆಗೂ ಬಂತು. ಶಾಂಘೈ ಪೊಲೀಸ್ ಪಡೆಯಲ್ಲಿದ್ದ ಫೇರ್‌ಬೇರ್ನ್ ಮತ್ತು ಸೈಕ್ಸ್ ರೂಪಿಸಿದ ಇಬ್ಬಾಯಿ ಬಾಕುವನ್ನು ಲಂಡನ್ನಿನ ವಿಲ್ಕಿನ್‌ಸನ್ ಸ್ವೋರ್ಡ್ ಕಂಪನಿ 1941ರಲ್ಲಿ ಬ್ರಿಟಿಷ್ ಕಮಾಂಡೊಗಳಿಗಾಗಿ ತಯಾರಿಸಿತು. ಭಾರತದ ಪ್ಯಾರಾ ವಿಶೇಷ ಪಡೆಗಳ ‘ಬಲಿದಾನ’ ಲಾಂಛನದಲ್ಲಿ ಮೊನೆ ಕೆಳಗಾದ, ರೆಕ್ಕೆಯುಳ್ಳ ಬಾಕು ಇದೆ. ಸೇನೆಯ ಕಮಾಂಡೊ ತರಬೇತಿ ನಡೆಯುವ ಊರುಗಳಲ್ಲಿ ಬೆಳಗಾವಿಯೂ ಒಂದು.