ಮುಟ್ಟಿದ ಸುದ್ದಿ: ಹಿಟ್ನಾಳ ಪರಿಸರದ ಸಂವಹನ ಚರಿತ್ರೆ ಮತ್ತು ಪ್ಯಾಕೆಟ್ ಜಾಲ

ಪ್ರಸ್ತಾವನೆ

ಕೊಪ್ಪಳ ತಾಲ್ಲೂಕಿನ ಹಿಟ್ನಾಳವು ದಾರಿಗಳು ಕೂಡುವ ಊರು. ಕುಷ್ಟಗಿಯ ಕಡೆಯಿಂದ ಹೊಸಪೇಟೆಗೆ ಇಳಿಯುವ ಹೆದ್ದಾರಿ ಹಾಗೂ ಗದಗ-ಕೊಪ್ಪಳಗಳ ಕಡೆಯಿಂದ ಬಳ್ಳಾರಿಗೆ ಸಾಗುವ ಹೆದ್ದಾರಿ ಈ ಊರಿನ ಬಳಿ ಸಂಧಿಸುತ್ತವೆ. ಹಿಂದೆ 13 ಮತ್ತು 63 ಎಂದು ಕರೆಯಲಾಗುತ್ತಿದ್ದ ಈ ರಾಷ್ಟ್ರೀಯ ಹೆದ್ದಾರಿಗಳ ಸಂಖ್ಯೆ ಈಗ 50 ಮತ್ತು 67. ಸಮೀಪದಲ್ಲಿಯೇ ಹುಲಿಗೆಮ್ಮನ ಕ್ಷೇತ್ರವಾದ ಹುಲಿಗಿ, ಮುನಿರಾಬಾದು, ತುಂಗಭದ್ರಾ ಜಲಾಶಯಗಳಿವೆ. ಜನ, ದವಸ, ಹಾಡು, ಹರಕೆ, ಸುದ್ದಿ ಎಲ್ಲವೂ ಹಾದುಹೋಗುವ ಇಂತಹ ಕೂಡುದಾರಿಯಲ್ಲಿ ನಿಂತು ಸಂವಹನದ ಚರಿತ್ರೆಯನ್ನು ನೋಡುವ ಪ್ರಯತ್ನವನ್ನು ಪ್ರಸ್ತುತ ಲೇಖನದಲ್ಲಿ ಮಾಡಲಾಗಿದೆ.

ದೂರಸಂಪರ್ಕದ ಚರಿತ್ರೆಯನ್ನು ಸಾಮಾನ್ಯವಾಗಿ ಯಂತ್ರಗಳ ಚರಿತ್ರೆಯಾಗಿ ಬರೆಯಲಾಗುತ್ತದೆ. ಯಾವ ವರ್ಷ ಯಾವ ಯಂತ್ರ ಬಂದಿತು, ಅದರ ವೇಗವೆಷ್ಟು ಎಂಬ ವಿವರಗಳು ಅದರಲ್ಲಿ ದೊರೆಯುತ್ತವೆ. ಆ ಯಂತ್ರ ಯಾರ ಕೆಲಸವನ್ನು ಕೈಗೆತ್ತಿಕೊಂಡಿತು ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿರುವುದಿಲ್ಲ. ಜಾನಪದ ಅಧ್ಯಯನವು ಕೇಳಬೇಕಾದದ್ದು ಈ ಎರಡನೆಯ ಪ್ರಶ್ನೆಯನ್ನು. ಡಿಜಿಟಲ್ ದೂರವಾಣಿ ತಂತಿಗಳ ಮೇಲೆ ಪ್ಯಾಕೆಟ್ ಸಂವಹನ ನಡೆದ ಬಗೆಯನ್ನು ಇಲ್ಲಿ ಆ ದೃಷ್ಟಿಯಿಂದ ಪರಿಶೀಲಿಸಲಾಗಿದೆ.

ಶಾಸನದ ತಲೆಬರಹ

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಕಿರುಬಂಡೆ ಶಾಸನಗಳಿರುವುದು ವಿದ್ವಾಂಸರಿಗೆ ತಿಳಿದ ಸಂಗತಿ. ಇದೇ ವರ್ಗಕ್ಕೆ ಸೇರಿದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನದ ಆರಂಭ ಇಲ್ಲಿ ಗಮನಾರ್ಹವಾದುದು. ಸುವರ್ಣಗಿರಿಯಿಂದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ ಎಂಬ ವಿವರ ಮೊದಲು ಬರುತ್ತದೆ. ಬಳಿಕ ಕ್ಷೇಮವಿಚಾರ, ಅನಂತರ ಚಕ್ರವರ್ತಿಯ ಸಂದೇಶ. ಎಲ್ಲಿಂದ, ಯಾರಿಂದ, ಎಲ್ಲಿಗೆ, ಯಾರಿಗೆ ಎಂಬುದು ಸಂದೇಶಕ್ಕಿಂತ ಮುಂಚೆಯೇ ನಿಗದಿಯಾಗಿದೆ. ಆಂಧ್ರದ ಎರ್ರಗುಡಿಯ ಪಾಠದಲ್ಲಿ ರಜ್ಜುಕನಿಗೆ ಆಜ್ಞೆ ಮಾಡಬೇಕು, ಅವನು ಭೇರಿಯ ಮೂಲಕ ಜನಪದಕ್ಕೆ ಸಾರಬೇಕು ಎಂಬ ಸೂಚನೆಯಿದೆ. ಕಲ್ಲಿನ ಬರಹವು ಭೇರಿಯ ದನಿಯಾಗಿ ಮಾರ್ಪಟ್ಟು ಕೊನೆಯ ಊರನ್ನು ತಲುಪುವ ಈ ವ್ಯವಸ್ಥೆಯಲ್ಲಿ ಸಂದೇಶವು ಒಂದು ಹಂತದಿಂದ ಮತ್ತೊಂದು ಹಂತಕ್ಕೆ ಮಾಧ್ಯಮವನ್ನು ಬದಲಿಸುತ್ತದೆ. ವಿಳಾಸ ಹೊತ್ತ ತಲೆಬರಹ, ಹಂತಹಂತವಾದ ರವಾನೆ ಎಂಬ ಎರಡು ತತ್ವಗಳು ಈ ನೆಲಕ್ಕೆ ಹೊಸತಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹೊತ್ತವರು

ಮೈಸೂರು ಸಂಸ್ಥಾನದ ಅಂಚೆಯನ್ನು ಕುರಿತು ಬರೆಯುವವರು ಚಿಕ್ಕದೇವರಾಜ ಒಡೆಯರ ಕಾಲದಿಂದ ಆರಂಭಿಸುತ್ತಾರೆ. ಕೊಪ್ಪಳ ಸೀಮೆಯ ಚರಿತ್ರೆ ಬೇರೆ. ಇದು ಹೈದರಾಬಾದ್ ಸಂಸ್ಥಾನದಲ್ಲಿ ಸಾಲಾರ್‌ಜಂಗ್ ಮನೆತನದ ಜಹಗೀರಿಗೆ ಸೇರಿದ್ದಿತು. ನಿಜಾಮರ ಸರಕಾರಕ್ಕೆ ತನ್ನದೇ ಅಂಚೆಯಿತ್ತು, ತನ್ನದೇ ಅಂಚೆಚೀಟಿಗಳಿದ್ದವು. 1950ರಲ್ಲಿ ಅದು ಭಾರತೀಯ ಅಂಚೆಯಲ್ಲಿ ವಿಲೀನವಾಯಿತು. ಆದರೆ ಅಂಚೆ ಮುಟ್ಟುತ್ತಿದ್ದುದು ಕಾಗದ ಬರೆಯಬಲ್ಲವರಿಗೆ ಮತ್ತು ಓದಬಲ್ಲವರಿಗೆ. ಉಳಿದವರ ಸುದ್ದಿಯನ್ನು ಒಯ್ಯುತ್ತಿದ್ದವರು ಮನುಷ್ಯರು.

ಗ್ರಾಮ ವ್ಯವಸ್ಥೆಯಲ್ಲಿ ಡಂಗುರ ಸಾರುವುದು, ಚಾವಡಿಗೆ ಜನರನ್ನು ಕರೆತರುವುದು, ಸರಕಾರಿ ಓಲೆಯನ್ನು ಮುಂದಿನ ಊರಿಗೆ ಮುಟ್ಟಿಸುವುದು, ಸಾವಿನ ಸುದ್ದಿಯನ್ನು ಬಂಧುಗಳ ಊರುಗಳಿಗೆ ಒಯ್ಯುವುದು ನಿರ್ದಿಷ್ಟ ಕುಟುಂಬಗಳ ಮೇಲೆ ಹೊರಿಸಲಾದ ಕೆಲಸಗಳಾಗಿದ್ದವು. ಈ ಕುಟುಂಬಗಳು ಬಹುಮಟ್ಟಿಗೆ ದಲಿತ ಸಮುದಾಯಕ್ಕೆ ಸೇರಿದವು. ಪ್ರತಿಫಲ ಸುಗ್ಗಿಯ ಆಯ. ಅನೇಕ ವೇಳೆ ಅದೂ ಇಲ್ಲದ ಬಿಟ್ಟಿ. ರಾತ್ರಿ, ಮಳೆ, ಹೊಳೆ ಎನ್ನದೆ ಹೋಗಬೇಕಿತ್ತು. ಹೇಳಿಕಳಿಸಿದ ಮಾತನ್ನು ಹಾಗೆಯೇ ಹೇಳಬೇಕಿತ್ತು. ಯಾರು ತೀರಿಕೊಂಡರು, ಮಣ್ಣು ಯಾವ ಹೊತ್ತಿಗೆ ಎಂಬಷ್ಟನ್ನು ತಪ್ಪಿಲ್ಲದೆ ನೆನಪಿನಲ್ಲಿ ಹೊತ್ತು, ಒಪ್ಪಿಸಿ, ಕೇಳಿದವರ ಒಪ್ಪಿಗೆ ಪಡೆದು ಮರಳುವುದು ಒಂದು ಶಿಸ್ತು.

ಇಲ್ಲಿ ಕನ್ನಡದ ಒಂದು ಕ್ರಿಯಾಪದವನ್ನು ಗಮನಿಸಬೇಕು. ಸುದ್ದಿ ತಲುಪಿತು ಎನ್ನುವಲ್ಲಿ ಈ ಭಾಗದ ಜನ ‘ಸುದ್ದಿ ಮುಟ್ಟಿತು’ ಎನ್ನುತ್ತಾರೆ. ಮುಟ್ಟು ಎಂದರೆ ಸ್ಪರ್ಶಿಸು ಎಂದೂ ಹೌದು. ಸುದ್ದಿ ಮನೆಯನ್ನು ಮುಟ್ಟಬೇಕು. ಸುದ್ದಿ ತಂದವನು ಮನೆಯನ್ನು ಮುಟ್ಟುವಂತಿರಲಿಲ್ಲ. ಅಂಗಳದ ಹೊರಗೆ ನಿಂತು ಅವನು ಹೇಳಿದ ಮಾತು ಮಾತ್ರ ಒಳಗೆ ಹೋಗುತ್ತಿತ್ತು. ಸಂವಹನವನ್ನು ಕುರಿತ ನಮ್ಮ ಯಾವ ಚರಿತ್ರೆಯೂ ಈ ಒಂದು ಪದದಲ್ಲಿರುವಷ್ಟು ವಿಷಯವನ್ನು ಹೇಳಿಲ್ಲವೆಂದರೆ ತಪ್ಪಾಗಲಾರದು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನೂ 23ನೆಯ ವಿಧಿ ಬಿಟ್ಟಿ ದುಡಿಮೆಯನ್ನೂ ನಿಷೇಧಿಸಿದವು. ರೂಢಿಯ ವಿಷಯದಲ್ಲಿ ಕಾನೂನು ಹೇಳಿದ್ದನ್ನು ನಡೆಸಲು ಇತರ ಬದಲಾವಣೆಗಳೂ ಬೇಕಾದವು. ದೂರವಾಣಿ ಅವುಗಳಲ್ಲಿ ಒಂದು.

ಕಿತ್ತೂರಿನ ವಿನಿಮಯ ಕೇಂದ್ರ

ಗ್ರಾಮೀಣ ದೂರವಾಣಿಯ ಚರಿತ್ರೆಯಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. 1984ರ ಆಗಸ್ಟ್‌ನಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ರೂಪಿಸಿದ 128 ಪೋರ್ಟುಗಳ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವು ಮೊದಲು ಕಾರ್ಯಾರಂಭ ಮಾಡಿದುದು 1986ರ ಜುಲೈನಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಹೊರದೇಶಗಳ ಡಿಜಿಟಲ್ ಯಂತ್ರಗಳಿಗೆ ಹವಾನಿಯಂತ್ರಿತ ಕೊಠಡಿ ಬೇಕಿತ್ತು. ಇದು ಧೂಳು ಮತ್ತು ಬಿಸಿಲುಗಳಲ್ಲಿ ತಂಪುಯಂತ್ರದ ಆಸರೆಯಿಲ್ಲದೆ ನಡೆಯುವಂತೆ ರೂಪಿತವಾದುದು. ರಾಯಚೂರು-ಕೊಪ್ಪಳದಂತಹ ಬಿಸಿಲುನಾಡಿಗೆ ಅದರ ಪ್ರಯೋಜನವೇನೆಂಬುದನ್ನು ವಿವರಿಸಬೇಕಿಲ್ಲ.

ಡಿಜಿಟಲ್ ವಿನಿಮಯ ಕೇಂದ್ರದ ಗುಣ ಇಷ್ಟು: ಅದು ದನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿ ಅಳತೆಯನ್ನು 8 ಬಿಟ್ಟುಗಳಲ್ಲಿ ಬರೆಯುತ್ತದೆ. ಹೀಗೆ ಒಂದು ಮಾತುಕತೆಗೆ ಸೆಕೆಂಡಿಗೆ 64,000 ಬಿಟ್ಟುಗಳಾಗುತ್ತವೆ. ದನಿ ಸಂಖ್ಯೆಯಾದ ಮೇಲೆ ಅದೇ ತಂತಿಯಲ್ಲಿ ಬರಹವನ್ನೂ ಲೆಕ್ಕವನ್ನೂ ಕಳುಹಿಸಲು ಅಡ್ಡಿಯಿಲ್ಲ. ಈ ವಿಚಾರದ ಫಲವೇ 1984 ಮತ್ತು 1988ರ ಅಂತರರಾಷ್ಟ್ರೀಯ ಶಿಫಾರಸುಗಳಲ್ಲಿ ರೂಪುಗೊಂಡ ಐಎಸ್‌ಡಿಎನ್. ಸಾಮಾನ್ಯ ಚಂದಾದಾರನ ಒಂದು ಜೋಡಿ ತಾಮ್ರದ ತಂತಿಯಲ್ಲಿ 64 ಕಿಲೋಬಿಟ್‌ನ ಎರಡು ಬಿ ವಾಹಿನಿಗಳು, 16 ಕಿಲೋಬಿಟ್‌ನ ಒಂದು ಡಿ ವಾಹಿನಿ. ಬಿ ವಾಹಿನಿಗಳು ಮಾತಿಗೂ ಮಾಹಿತಿಗೂ ಮೀಸಲು. ಡಿ ವಾಹಿನಿ ಮುಖ್ಯವಾಗಿ ಕರೆಯನ್ನು ಜೋಡಿಸುವ, ಬಿಡಿಸುವ ಸಂಕೇತಗಳಿಗಾಗಿ.

ಹಿಮ್ಮೇಳದ ಒಪ್ಪಿಗೆ

ಸಂದೇಶವನ್ನು ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿಗೂ ತಲೆಬರಹ ಹಚ್ಚಿ ಜಾಲಕ್ಕೆ ಬಿಡುವ ವಿಚಾರವನ್ನು 1960ರ ದಶಕದಲ್ಲಿ ಅಮೆರಿಕದ ಪಾಲ್ ಬಾರನ್ ಮತ್ತು ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಪ್ರತ್ಯೇಕವಾಗಿ ಮಂಡಿಸಿದರು. ‘ಪ್ಯಾಕೆಟ್’ ಎಂಬ ಹೆಸರು ಡೇವಿಸ್ ಅವರದು. 1976ರಲ್ಲಿ ಅಂಗೀಕೃತವಾದ ಎಕ್ಸ್.25 ಶಿಫಾರಸು ಸಾರ್ವಜನಿಕ ಪ್ಯಾಕೆಟ್ ಜಾಲಗಳಿಗೆ ಸಾಮಾನ್ಯ ಭಾಷೆಯನ್ನು ಒದಗಿಸಿತು. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಐ-ನೆಟ್ ಈ ಭಾಷೆಯಲ್ಲಿ ನಡೆದ ಜಾಲ. 1986ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದಾಗಿತ್ತು.

ಎಕ್ಸ್.25ರ ಸ್ವಭಾವ ಎಚ್ಚರದ ಸ್ವಭಾವ. ಅದು ಹುಟ್ಟಿದುದು ಗದ್ದಲದ ತಂತಿಗಳ ಕಾಲದಲ್ಲಿ. ಆದುದರಿಂದ ಒಂದು ಘಟ್ಟವು ಕಳುಹಿಸಿದ ತುಂಡನ್ನು ಮುಂದಿನ ಘಟ್ಟ ‘ಮುಟ್ಟಿತು’ ಎಂದು ಹೇಳುವವರೆಗೂ ತನ್ನಲ್ಲಿ ಪ್ರತಿಯನ್ನು ಇಟ್ಟುಕೊಳ್ಳುತ್ತದೆ. ತುಂಡುಗಳಿಗೆ 0ರಿಂದ 7ರವರೆಗೆ ಕ್ರಮಸಂಖ್ಯೆ. ಸಾಮಾನ್ಯ ಕ್ರಮದಲ್ಲಿ ಒಪ್ಪಿಗೆ ಬಾರದೆ 7ಕ್ಕಿಂತ ಹೆಚ್ಚು ತುಂಡುಗಳನ್ನು ಬಿಡುವಂತಿಲ್ಲ. ಕೆಟ್ಟು ಬಂದರೆ ಮತ್ತೆ ಕಳುಹಿಸಬೇಕು. ಜಾನಪದದ ಓದುಗರಿಗೆ ಇದು ಅಪರಿಚಿತವಲ್ಲ. ಗೀಗೀ ಮೇಳದಲ್ಲಿ ಮುಮ್ಮೇಳದವರು ಹಾಡಿದ ನುಡಿಯನ್ನು ಹಿಮ್ಮೇಳದವರು ಎತ್ತಿಕೊಂಡು ಮರಳಿಸಿದ ಮೇಲೆಯೇ ಕಥೆ ಮುಂದುವರಿಯುತ್ತದೆ. ಹಿಮ್ಮೇಳವು ರಂಜನೆಯ ಜೊತೆಗೆ ನೆನಪಿನ ಕಾವಲನ್ನೂ ಮಾಡುತ್ತದೆ. ಹೋಲಿಕೆಯ ಮಿತಿಯನ್ನೂ ಹೇಳಬೇಕು: ಹಾಡುಗಾರ ನುಡಿಯನ್ನು ಬದಲಿಸಬಲ್ಲ, ಮೇಳ ಅದನ್ನು ಒಪ್ಪಬಲ್ಲದು, ಯಂತ್ರಕ್ಕೆ ಆ ಸ್ವಾತಂತ್ರ್ಯವಿಲ್ಲ.

ಈ ಎಚ್ಚರದ ಭಾಷೆಯನ್ನು ಡಿಜಿಟಲ್ ದೂರವಾಣಿಯ ಮೇಲೆ ನಡೆಸುವ ಕ್ರಮವನ್ನು ಎಕ್ಸ್.31 ಶಿಫಾರಸು ನಿರೂಪಿಸಿತು. ಇದರಲ್ಲಿ ಎರಡು ದಾರಿಗಳು. ಮೊದಲನೆಯದು, ಬಿ ವಾಹಿನಿಯಲ್ಲಿ ಕರೆ ಮಾಡಿ ಪ್ಯಾಕೆಟ್‌ಗಳನ್ನು ನಿರ್ವಹಿಸುವ ಯಂತ್ರವನ್ನು ತಲುಪುವುದು. ಎರಡನೆಯದು, ಡಿ ವಾಹಿನಿಯಲ್ಲಿ ಕರೆಯ ಸಂಕೇತಗಳ ನಡುವೆಯೇ ಪ್ಯಾಕೆಟ್‌ಗಳನ್ನು ಸಾಗಿಸುವುದು. ಸಂಕೇತಕ್ಕೆ 0, ಪ್ಯಾಕೆಟ್‌ಗೆ 16 ಎಂಬ ಗುರುತು ಹಚ್ಚುವುದರಿಂದ ವಿನಿಮಯ ಕೇಂದ್ರವು ಅವೆರಡನ್ನೂ ಬೇರ್ಪಡಿಸುತ್ತದೆ. ಈ ಎರಡನೆಯ ದಾರಿಯ ವೇಗ ಸುಮಾರು 9.6 ಕಿಲೋಬಿಟ್, ಆದರೆ ಅದು ಸದಾ ತೆರೆದಿರುತ್ತದೆ, ಪ್ರತಿ ಬಾರಿ ಕರೆ ಮಾಡಬೇಕಿಲ್ಲ. ಯುರೋಪಿನ ಅಂಗಡಿಗಳಲ್ಲಿ ಹಣಪಾವತಿಯ ಕಾರ್ಡುಗಳನ್ನು ತಪಾಸಿಸುವ ಚಿಕ್ಕ ಸಂದೇಶಗಳಿಗೆ ಇದು ಹೇಳಿಮಾಡಿಸಿದಂತೆ ಒದಗಿತು.

ಆದರೆ ತಂತಿ ಶುದ್ಧವಾದಂತೆ ಹಂತಹಂತದ ಎಚ್ಚರ ಭಾರವೆನಿಸತೊಡಗಿತು. ಅಂತರಜಾಲದ ಐಪಿ ವಿಧಾನವು ನಡುವಿನ ಘಟ್ಟಗಳಿಂದ ಆ ಹೊಣೆಯನ್ನು ತೆಗೆದು ಎರಡು ತುದಿಗಳಿಗೆ ವಹಿಸಿತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲವನ್ನು ತೆರೆದ ಮೇಲೆ ಎಕ್ಸ್.25 ಕ್ರಮೇಣ ಹಿಂದೆ ಸರಿಯಿತು. ನಡುವೆ ಹೊರುವವನು ಪ್ರತಿಯೊಂದಕ್ಕೂ ಜವಾಬು ಹೇಳಬೇಕಾದ ವ್ಯವಸ್ಥೆ ಹೋಗಿ, ಕಳುಹಿಸಿದವನು ಮತ್ತು ಪಡೆದವನು ಜವಾಬು ಹೇಳುವ ವ್ಯವಸ್ಥೆ ಬಂದಿತು. ಸುದ್ದಿ ತಪ್ಪಿದರೆ ಬೈಗುಳವನ್ನು ತಿನ್ನುತ್ತಿದ್ದವನು ಹೊತ್ತವನೇ ಎಂಬುದನ್ನು ಬಲ್ಲವರಿಗೆ ಈ ಪಲ್ಲಟ ಕೇವಲ ತಾಂತ್ರಿಕವಾಗಿ ಕಾಣಲಾರದು.

ಸಂಖ್ಯೆಯೊಳಗಿನ ಗಡಿ

ದೂರವಾಣಿಯ ಸಂಖ್ಯೆಗಳೂ ಚರಿತ್ರೆಯ ಆಕರಗಳಾಗಬಲ್ಲವು. ಎಕ್ಸ್.121 ಎಂಬ ಮಾಹಿತಿಜಾಲದ ಸಂಖ್ಯಾಕ್ರಮದಲ್ಲಿ ಭಾರತಕ್ಕೆ 404 ದೊರೆಯಿತು. ಸ್ಥಿರ ದೂರವಾಣಿಯಲ್ಲಿ ಕೊಪ್ಪಳ 08539, ಕುಷ್ಟಗಿ 08536, ಯಲಬುರ್ಗಾ 08534, ಗಂಗಾವತಿ 08533. ಇವುಗಳ ಸಾಲಿನಲ್ಲಿಯೇ ರಾಯಚೂರು 08532, ಸಿಂಧನೂರು 08535, ಲಿಂಗಸುಗೂರು 08537, ಮಾನ್ವಿ 08538 ಬರುತ್ತವೆ. 1997ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಯಿತು. ಸಂಖ್ಯೆಗಳು ಅವಿಭಜಿತ ರಾಯಚೂರನ್ನು ಇಂದಿಗೂ ನೆನಪಿಟ್ಟಿವೆ.

ಇನ್ನೂ ಕುತೂಹಲಕರವಾದುದು ಹೊಳೆಯ ಆಚೆಯ ಸಂಗತಿ. ಮುನಿರಾಬಾದಿನಿಂದ ಕೆಲವೇ ಕಿಲೋಮೀಟರ್ ದೂರದ ಹೊಸಪೇಟೆಯ ಸಂಖ್ಯೆ 08394; ಅದು ಬಳ್ಳಾರಿಯ 08392ರ ಸಾಲಿನದು. ತುಂಗಭದ್ರೆ ಒಂದು ಕಾಲಕ್ಕೆ ನಿಜಾಮರ ರಾಜ್ಯಕ್ಕೂ ಮದರಾಸು ಪ್ರಾಂತಕ್ಕೂ ಗಡಿಯಾಗಿತ್ತು. ಬಳ್ಳಾರಿ 1953ರಲ್ಲಿ, ರಾಯಚೂರು 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದವು. ದೂರವಾಣಿಯ ವಲಯಗಳು ಕಂದಾಯ ಜಿಲ್ಲೆಗಳನ್ನು ಅನುಸರಿಸಿದುದರಿಂದ, ಅಳಿದ ಗಡಿ ಸಂಖ್ಯೆಯಲ್ಲಿ ಉಳಿಯಿತು. ಹುಣ್ಣಿಮೆಗೆ ಹೊಳೆ ದಾಟಿ ಹುಲಿಗಿಗೆ ಬರುವ ಭಕ್ತರಿಗೆ, ಚೌಡಿಕೆಯ ಹಾಡಿಗೆ ಈ ಗಡಿ ಎಂದೂ ಇರಲಿಲ್ಲ.

ಉಪಸಂಹಾರ

2013ರ ಜುಲೈಯಲ್ಲಿ ಭಾರತದಲ್ಲಿ ತಂತಿ ಸೇವೆ ನಿಂತಾಗ ಪತ್ರಿಕೆಗಳು ಅದನ್ನು ಒಂದು ಯುಗದ ಮುಕ್ತಾಯವೆಂದು ಬರೆದವು. ಸಾವಿನ ಸುದ್ದಿಯನ್ನು ಹೊತ್ತು ನಡೆಯುವ ಕೆಲಸ ನಿಂತ ದಿನವನ್ನು ಯಾವ ಪತ್ರಿಕೆಯೂ ಬರೆಯಲಿಲ್ಲ; ಅದು ಊರಿಂದೂರಿಗೆ ಬೇರೆಬೇರೆಯಾಗಿ, ಸದ್ದಿಲ್ಲದೆ ನಿಂತಿತು. ಎಕ್ಸ್.25ರ ಪ್ರತಿಯೊಂದು ನಿಯಮವೂ ದಾಖಲೆಯಾಗಿದೆ. ಹಿಟ್ನಾಳದಂತಹ ಊರಿನ ದಾರಿಗಳಲ್ಲಿ ಮಾತನ್ನು ಕೆಡದಂತೆ ಒಯ್ದವರ ನಿಯಮಗಳು ದಾಖಲಾಗಿಲ್ಲ. ಯಾವ ಊರಿನಿಂದ ಯಾವ ಊರಿಗೆ ಹೋಗುತ್ತಿದ್ದರು, ಮಾತನ್ನು ಯಾವ ಕ್ರಮದಲ್ಲಿ ಒಪ್ಪಿಸುತ್ತಿದ್ದರು, ಏನನ್ನು ಪಡೆಯುತ್ತಿದ್ದರು, ಯಾವಾಗ ಆ ಕೆಲಸವನ್ನು ಒಲ್ಲೆವೆಂದರು ಎಂಬುದನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರ ಕುಟುಂಬಗಳ ಸಮ್ಮತಿಯೊಡನೆ, ಗೌರವದಿಂದ ಈ ಸಂಗ್ರಹವನ್ನು ಕೈಗೊಳ್ಳುವುದು ಜಾನಪದ ವಿದ್ವಾಂಸರ ಮುಂದಿರುವ ಕೆಲಸವಾಗಿದೆ. ಹೊತ್ತವರ ಹೆಸರಿಲ್ಲದ ಸಂವಹನ ಚರಿತ್ರೆಯು ತಲೆಬರಹ ಕಳೆದುಕೊಂಡ ತುಂಡಿನಂತೆ: ಅದರಲ್ಲಿ ವಿಷಯವಿರುತ್ತದೆ, ಎಲ್ಲಿಂದ ಬಂದುದೆಂಬುದು ಮಾತ್ರ ತಿಳಿಯದು.