ಇಷ್ಟಕರ್ಮವೂ ಎಲೆಕ್ಟ್ರಾನು ವಿವರ್ತನದ ಗಣಿತವೂ

ಸಿದ್ಧಾಂತಶಿರೋಮಣಿಯ ಕರ್ತೃವಾದ ಭಾಸ್ಕರಾಚಾರ್ಯನು ತಾನು ಶಕ ೧೦೩೬ರಲ್ಲಿ (ಕ್ರಿ.ಶ. ೧೧೧೪) ಹುಟ್ಟಿದುದಾಗಿಯೂ, ತನ್ನ ಊರು ಸಹ್ಯಾದ್ರಿಯ ಆಶ್ರಯದಲ್ಲಿರುವ ವಿಜ್ಜಡವಿಡವೆಂದೂ ಹೇಳಿಕೊಂಡಿರುವನು. ಆ ಊರು ಇಂದಿನ ವಿಜಯಪುರವೇ ಎಂಬುದು ಅನೇಕರ ಮತವು. ಸಹ್ಯಾದ್ರಿಯು ಅಲ್ಲಿಗೆ ದೂರವಾಗಿರುವುದೂ, ಆತನ ಮೊಮ್ಮಗನಾದ ಚಾಂಗದೇವನ ಶಾಸನವು ಖಾನದೇಶದ ಪಾಟಣದಲ್ಲಿ ದೊರೆತಿರುವುದೂ ಈ ಮತಕ್ಕೆ ಬಾಧಕಗಳು. ಊರಿನ ನಿರ್ಣಯವು ಹೇಗೇ ಆಗಲಿ, ಆತನ ಗಣಿತದ ಒಂದು ಕ್ರಮವು ಇಂದಿನ ಭೌತವಿಜ್ಞಾನದ ಒಂದು ಕಠಿಣ ಕಾರ್ಯವನ್ನು ತಿಳಿಯಲು ನೆರವಾಗುವುದೆಂಬುದೇ ಪ್ರಕೃತ ವಿಷಯ.

ಲೀಲಾವತಿಯಲ್ಲಿ ಇಷ್ಟಕರ್ಮವೆಂಬುದೊಂದುಂಟು. ತಿಳಿಯದ ರಾಶಿಯ ಸ್ಥಾನದಲ್ಲಿ ಇಷ್ಟವಾದ ಸಂಖ್ಯೆಯನ್ನು ಕಲ್ಪಿಸಿ, ಪ್ರಶ್ನೆಯಲ್ಲಿ ಹೇಳಿದ ಕ್ರಿಯೆಗಳನ್ನು ನಡೆಯಿಸಿ, ಬಂದ ಫಲವನ್ನು ಕೊಟ್ಟ ಫಲದೊಡನೆ ಹೋಲಿಸಿ, ತ್ರೈರಾಶಿಕದಿಂದ ಕಲ್ಪನೆಯನ್ನು ತಿದ್ದುವುದು ಅದರ ಕ್ರಮ. ಅಲ್ಲಿಯ ಒಂದು ಉದಾಹರಣೆಯಲ್ಲಿ ೩ ಎಂದು ಕಲ್ಪಿಸಿದರೆ ನಾಲ್ಕೂಕಾಲು ಬರುವುದು. ಬರಬೇಕಾದುದು ಅದರ ೧೬ ಮಡಿಯಾದ ೬೮. ಆದುದರಿಂದ ರಾಶಿಯು ೪೮.

ಇನ್ನು ಎಲೆಕ್ಟ್ರಾನಿನ ವಿಷಯ. ೧೯೨೭ರಲ್ಲಿ ಅಮೆರಿಕೆಯ ಡೇವಿಸನ್ ಮತ್ತು ಜರ್ಮರ್ ಎಂಬವರು ನಿಕ್ಕಲ್ ಸ್ಫಟಿಕದ ಮೇಲೆ ಎಲೆಕ್ಟ್ರಾನುಗಳನ್ನು ಹಾಯಿಸಿ, ೫೪ ವೋಲ್ಟಿನಲ್ಲಿ ೫೦ ಅಂಶದ ಕೋನದಲ್ಲಿ ಅವು ಅಲೆಗಳಂತೆ ಕೂಡಿ ಪ್ರಬಲವಾಗುವುದನ್ನು ಕಂಡರು. ಇದೇ ವಿವರ್ತನ. ಇಷ್ಟು ಕಡಮೆ ಶಕ್ತಿಯ ಎಲೆಕ್ಟ್ರಾನುಗಳು ಕೆಲವೇ ಪರಮಾಣುಸ್ತರಗಳಷ್ಟು ಒಳಹೋಗುವುದರಿಂದ ಮೇಲ್ಮೈಯ ರಚನೆಯನ್ನರಿಯಲು ಅವು ಸಾಧನವಾದುವು. ಆದರೆ ಪರದೆಯ ಮೇಲೆ ಮೂಡುವ ಚುಕ್ಕಿಗಳ ಸ್ಥಾನವು ಪರಮಾಣುಗಳ ವಿನ್ಯಾಸವು ಎಷ್ಟೆಷ್ಟು ದೂರಕ್ಕೆ ಮರುಕಳಿಸುವುದೆಂಬುದನ್ನು ಮಾತ್ರ ತಿಳಿಸುವುದು; ಯಾವ ಪರಮಾಣು ಎಲ್ಲಿದೆಯೆಂಬುದು ಚುಕ್ಕಿಗಳ ಪ್ರಖರತೆಯಲ್ಲಿ ಅಡಗಿರುವುದು. ಎಲೆಕ್ಟ್ರಾನಿನ ಅಲೆಯು ಹಲವು ಪರಮಾಣುಗಳಿಂದ ಮತ್ತೆ ಮತ್ತೆ ಚದರುವ ಕಾರಣ, ಪ್ರಖರತೆಯಿಂದ ರಚನೆಗೆ ನೇರವಾದ ದಾರಿಯಿಲ್ಲ.

ಆದಕಾರಣ ಇಲ್ಲಿಯೂ ಕಲ್ಪನೆಯೇ ಗತಿ. ಮೊದಲು ವೋಲ್ಟನ್ನು ಬದಲಿಸುತ್ತ ಪ್ರತಿ ಚುಕ್ಕಿಯ ಪ್ರಖರತೆಯನ್ನಳೆದು ರೇಖೆಯಾಗಿ ಬರೆಯುವರು. ಎರಡನೆಯದಾಗಿ ಒಂದು ರಚನೆಯನ್ನು ಕಲ್ಪಿಸುವರು. ಮೂರನೆಯದಾಗಿ ಒಂದು ಪರಮಾಣುವಿನ ಚದರಿಕೆಯನ್ನು ಗಣಿಸಿ, ಅದರಿಂದ ಒಂದು ಸ್ತರದ, ಸ್ತರಗಳಿಂದ ಇಡೀ ಮೇಲ್ಮೈಯ ಫಲವನ್ನು ಕಟ್ಟುವರು. ನಾಲ್ಕನೆಯದಾಗಿ ಗಣಿಸಿದ ರೇಖೆಯನ್ನು ಅಳೆದ ರೇಖೆಯೊಡನೆ ಹೋಲಿಸುವರು. ಈ ಹೋಲಿಕೆಗೆ ೧೯೮೦ರಲ್ಲಿ ಇಂಗ್ಲೆಂಡಿನ ಪೆಂಡ್ರಿಯವರು ಒಂದು ಮಾನವನ್ನು ಕೊಟ್ಟರು. ಪೂರ್ಣ ಸಾಮ್ಯವಿದ್ದಲ್ಲಿ ಅದು ಸೊನ್ನೆ. ಬಳಿಕ ಪರಮಾಣುಗಳನ್ನು ತುಸು ಸರಿಸಿ ಮತ್ತೆ ಗಣನೆ.

ಸಾಮ್ಯವಿಷ್ಟಿದ್ದರೂ ಭೇದವನ್ನು ಮರೆಯಲಾಗದು. ಇಷ್ಟಕರ್ಮದಲ್ಲಿ ಫಲವು ರಾಶಿಗೆ ಅನುಪಾತದಲ್ಲಿರುವುದರಿಂದ ಒಂದೇ ತಿದ್ದುಪಡಿ ಸಾಕು. ಇಲ್ಲಿ ಆ ಅನುಪಾತವಿಲ್ಲ; ಫಲವು ಸ್ಥಿರವಾಗುವವರೆಗೆ ಮರಳಿ ಮರಳಿ ಗಣಿಸಬೇಕು. ಗ್ರಹಣಗಣಿತದಲ್ಲಿ ಸಿದ್ಧಾಂತಕಾರರು ಬಳಸಿದ ಅಸಕೃತ್ಕರ್ಮವು ಇದಕ್ಕೆ ಹೆಚ್ಚು ಸಮೀಪ. ಅಷ್ಟಾದರೂ ಮೊದಲ ಕಲ್ಪನೆಯು ತೀರ ತಪ್ಪಾಗಿದ್ದರೆ ಗಣನೆಯು ಸುಳ್ಳು ರಚನೆಯೊಂದರಲ್ಲಿಯೇ ನಿಂತುಬಿಡಬಹುದು.

ಭಾಸ್ಕರನು ಎಲೆಕ್ಟ್ರಾನನ್ನು ಬಲ್ಲನೆಂದು ಸಾಧಿಸುವುದು ಹಾಸ್ಯಾಸ್ಪದವು. ಆದರೆ ಕಲ್ಪಿಸಿ, ಗಣಿಸಿ, ಹೋಲಿಸಿ, ತಿದ್ದುವ ಕ್ರಮಕ್ಕೆ ನಮ್ಮಲ್ಲಿ ಹಳೆಯ ಹೆಸರುಗಳುಂಟು. ವಿಜಯಪುರ, ತಿಕೋಟಾ, ಬಬಲೇಶ್ವರಗಳ ಪಾಠಶಾಲೆಗಳಲ್ಲಿ ಈ ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಯಸುವವರು ಅವನ್ನು ಬಿಟ್ಟು ಹೊಸ ಪದಗಳಿಗಾಗಿ ಅಲೆಯಬೇಕಾದುದಿಲ್ಲ.