ಕರಗುವ ಸರಕಿನ ಕಸುಬು

ಮೊಗಲರ ಅರಮನೆಯಲ್ಲಿ ಕುಡಿಯುವ ನೀರಿಗೆಂದೇ ಒಂದು ಇಲಾಖೆ ಇತ್ತು. ಅದರ ಹೆಸರು ಆಬ್ದಾರ್‌ಖಾನೆ. ಅಕ್ಬರನ ಆಸ್ಥಾನದ ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲಿ ಅಲ್ಲಿನ ಕೆಲಸವನ್ನು ಬರೆದಿಟ್ಟಿದ್ದಾನೆ. ತೋಪು ಬಂದೂಕುಗಳ ಮದ್ದಿಗೆ ಬಳಸುವ ಪೆಟ್ಲುಪ್ಪನ್ನು ನೀರಿಗೆ ಸುರಿದು, ಕುಡಿಯುವ ನೀರು ತುಂಬಿ ಬಾಯಿ ಕಟ್ಟಿದ ಪಾತ್ರೆಯನ್ನು ಆ ನೀರಿನೊಳಗೆ ತಿರುಗಿಸುತ್ತಿದ್ದರು. ಪೆಟ್ಲುಪ್ಪು ಕರಗುವಾಗ ಶಾಖವನ್ನು ಹೀರಿಕೊಳ್ಳುವುದರಿಂದ ಪಾತ್ರೆಯೊಳಗಿನ ನೀರು ತಣ್ಣಗಾಗುತ್ತಿತ್ತು. 1586ರ ಸುಮಾರಿಗೆ ಆಸ್ಥಾನ ಲಾಹೋರಿಗೆ ಹೋದ ಮೇಲೆ ಉತ್ತರದ ಬೆಟ್ಟಗಳಿಂದ ಹಿಮ ಬರತೊಡಗಿತು. ಒಂದಷ್ಟು ದೋಣಿಯಲ್ಲಿ, ಒಂದಷ್ಟು ಗಾಡಿಯಲ್ಲಿ, ಉಳಿದದ್ದು ಆಳುಗಳ ಹೆಗಲ ಮೇಲೆ. ದಾರಿಯಲ್ಲಿ ಕರಗಿದಷ್ಟೂ ನಷ್ಟ, ತಲುಪಿದ ಮೇಲೆ ಉಳಿದದ್ದಕ್ಕೆ ಮಾತ್ರ ಬೆಲೆ. ತಂಪು ಸರಕಿನ ಸಾಗಣೆಯ ಲೆಕ್ಕಾಚಾರ ಇಂದಿಗೂ ಇದೇ.

ಬೆಟ್ಟ ದೂರವಿದ್ದ ಊರುಗಳಲ್ಲಿ ಬಯಲಿನಲ್ಲೇ ಮಂಜುಗಡ್ಡೆ ಬೆಳೆಯುವವರಿದ್ದರು. ಅಲಹಾಬಾದಿನಲ್ಲಿ ಕಂಡ ಈ ಕೆಲಸವನ್ನು ಸರ್ ರಾಬರ್ಟ್ ಬಾರ್ಕರ್ 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವರ್ಣಿಸಿದ. ಬಯಲಿನಲ್ಲಿ ಸುಮಾರು 30 ಅಡಿ ಚೌಕದ, 2 ಅಡಿ ಆಳದ ಗುಂಡಿ ತೋಡಿ, ಒಣಗಿದ ಕಬ್ಬಿನ ಸೋಗೆಯನ್ನೋ ಜೋಳದ ದಂಟನ್ನೋ ದಪ್ಪವಾಗಿ ಹಾಸುತ್ತಿದ್ದರು. ಅದರ ಮೇಲೆ ಸುಡುಮಣ್ಣಿನ ಚಿಕ್ಕ ತಟ್ಟೆಗಳನ್ನು ಸಾಲಾಗಿಟ್ಟು, ಸಂಜೆ ನೀರು ತುಂಬಿಸುತ್ತಿದ್ದರು. ಮೋಡವಿಲ್ಲದ, ಗಾಳಿಯಾಡದ ಚಳಿಗಾಲದ ರಾತ್ರಿಯಲ್ಲಿ ನೀರಿನ ಶಾಖ ಆಕಾಶಕ್ಕೆ ಹೊರಟುಹೋಗುತ್ತದೆ. ನೆಲದ ಬಿಸಿಯನ್ನು ಕೆಳಗಿನ ದಂಟು ತಡೆಯುತ್ತದೆ. ತಟ್ಟೆಯ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗಿ ಇನ್ನಷ್ಟು ತಂಪು ಮಾಡುತ್ತದೆ. ಹೀಗಾಗಿ ಗಾಳಿ ಹೆಪ್ಪುಗಟ್ಟುವಷ್ಟು ತಣ್ಣಗಿರದಿದ್ದರೂ ತಟ್ಟೆಯ ನೀರು ಹೆಪ್ಪುಗಟ್ಟುತ್ತಿತ್ತು. ಸೂರ್ಯ ಹುಟ್ಟುವ ಮೊದಲೇ ಆಳುಗಳು ತೆಳು ಹಲ್ಲೆಗಳನ್ನು ಕಿತ್ತು ಬುಟ್ಟಿಗೆ ತುಂಬಿ, ಹುಲ್ಲು ಕಂಬಳಿಗಳನ್ನು ಹಾಸಿದ 14–15 ಅಡಿ ಆಳದ ಹೊಂಡಕ್ಕೆ ಸುರಿದು ಕುಟ್ಟಿ ಒಂದೇ ಗಟ್ಟಿ ಮಾಡುತ್ತಿದ್ದರು. ಚೂರುಗಳ ನಡುವೆ ಗಾಳಿ ಉಳಿದರೆ ಬೇಸಿಗೆ ಬರುವಷ್ಟರಲ್ಲಿ ಹೊಂಡದಲ್ಲಿ ಬರಿ ನೀರು. ಪುಸ್ತಕ ಓದದ ಈ ಕೂಲಿಯಾಳುಗಳ ಕೈಗೆ ಶಾಖದ ನಡೆ ಎಷ್ಟು ಚೆನ್ನಾಗಿ ಗೊತ್ತಿತ್ತೆಂಬುದು ನಿಜಕ್ಕೂ ಮೆಚ್ಚುವಂಥದ್ದು. ಬಂಗಾಳದ ಹೂಗ್ಲಿಯ ಬಳಿಯೂ ಇದೇ ರೀತಿ ಮಂಜುಗಡ್ಡೆ ಮಾಡಿ ಕಲ್ಕತ್ತೆಗೆ ಕಳಿಸುತ್ತಿದ್ದರು. ಮದರಾಸು, ಬೊಂಬಾಯಿಗಳ ಚಳಿ ಮಾತ್ರ ಇದಕ್ಕೆ ಸಾಲುತ್ತಿರಲಿಲ್ಲ.

ಅಷ್ಟರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಫ್ರೆಡೆರಿಕ್ ಟ್ಯೂಡರ್ ಎಂಬ ವ್ಯಾಪಾರಿ ಕೆರೆಯ ಮಂಜುಗಡ್ಡೆಯನ್ನು ಬಿಸಿಲ ನಾಡುಗಳಿಗೆ ಮಾರಲು ಹೊರಟಿದ್ದ. 1806ರಲ್ಲಿ ಮಾರ್ಟಿನಿಕ್ ದ್ವೀಪಕ್ಕೆ ಕಳಿಸಿದ ಮೊದಲ ಹಡಗಿನಿಂದ ನಷ್ಟವೇ ಆಯಿತು. ಸರಕು ದ್ವೀಪ ಮುಟ್ಟಿತು, ಆದರೆ ಅದನ್ನು ಇಡಲು ಅಲ್ಲಿ ಉಗ್ರಾಣವಿರಲಿಲ್ಲ. ಮುಂದಿನ ವರ್ಷಗಳಲ್ಲಿ ಅವನು ಸಾಲಕ್ಕಾಗಿ ಸೆರೆಮನೆಯನ್ನೂ ಕಂಡ. ಆದರೂ ಬಿಡದೆ, ಹಡಗಿಗಿಂತ ಮೊದಲು ಉಗ್ರಾಣವನ್ನು ಯೋಚಿಸುವುದನ್ನು ಕಲಿತ. ಹುಲ್ಲಿನ ಬದಲು ಮರದ ಹೊಟ್ಟನ್ನು ಬಳಸತೊಡಗಿದ. ಮೇಯ್ನ್ ಪ್ರಾಂತದ ಗರಗಸದ ಗಿರಣಿಗಳಲ್ಲಿ ಅದು ಬಿಸಾಡುವ ಕಸವಾಗಿತ್ತು.

ಅವನ ಜೊತೆಗಾರ ನಥಾನಿಯಲ್ ವಯತ್ 1825ರಲ್ಲಿ ಕುದುರೆ ಎಳೆಯುವ ಮಂಜುಗಡ್ಡೆಯ ನೇಗಿಲನ್ನು ರೂಪಿಸಿದ ಮೇಲೆ ಕೆಲಸದ ವೇಗವೇ ಬೇರೆಯಾಯಿತು. ಕೆರೆಯ ಮೇಲಿನ ಹಿಮ ಗುಡಿಸಿ, ನೇಗಿಲಿನಿಂದ ಚೌಕಗಳ ಗೆರೆ ಕೊರೆದು, ಗರಗಸ ಮತ್ತು ಹಾರೆಗಳಿಂದ ಗಡ್ಡೆಗಳನ್ನು ಬಿಡಿಸಿ, ನೀರಿನ ಕಾಲುವೆಯಲ್ಲಿ ತೇಲಿಸಿ ದಡದ ಉಗ್ರಾಣಕ್ಕೆ ಏರಿಸುತ್ತಿದ್ದರು. ಎಲ್ಲ ಗಡ್ಡೆಗಳೂ ಒಂದೇ ಅಳತೆಯವಾದ್ದರಿಂದ ಹಡಗಿನಲ್ಲಿ ಸಂದಿಲ್ಲದಂತೆ ಜೋಡಿಸಬಹುದಾಯಿತು. ಚಳಿಗಾಲದಲ್ಲಿ ಹೊಲದ ಕೆಲಸವಿಲ್ಲದವರಿಗೆ, ಐರ್ಲೆಂಡಿನಿಂದ ವಲಸೆ ಬಂದ ಬಡವರಿಗೆ ಇದು ಕೂಲಿ ಕೊಟ್ಟಿತು. 1846–47ರ ಚಳಿಗಾಲದಲ್ಲಿ ವಾಲ್ಡನ್ ಕೆರೆಗೆ ಬಂದ ಇಂಥ ನೂರು ಜನ ಐರಿಷ್ ಕೆಲಸಗಾರರ ಬಗ್ಗೆ ಹೆನ್ರಿ ಡೇವಿಡ್ ಥೋರೋ 'ವಾಲ್ಡನ್' ಕೃತಿಯಲ್ಲಿ ಬರೆದಿದ್ದಾನೆ. ತನ್ನ ಕೆರೆಯ ನೀರು ಮದರಾಸು, ಬೊಂಬಾಯಿ, ಕಲ್ಕತ್ತೆಗಳವರ ಬಾಯಾರಿಕೆಗೆ ಹೋಗುತ್ತದೆಂಬ ಯೋಚನೆ ಅವನಿಗೆ ಬಂದದ್ದು ಅಲ್ಲಿಯೇ. ಕೆಲಸ ಅಪಾಯದ್ದು. ಪದರ ಒಡೆದು ಕುದುರೆಗಳು ನೀರಿಗೆ ಬೀಳುತ್ತಿದ್ದವು. ಎಳೆದು ತೆಗೆಯಲೆಂದೇ ಅವುಗಳ ಕೊರಳಿಗೆ ಮೊದಲೇ ಹಗ್ಗ ಕಟ್ಟಿರುತ್ತಿದ್ದರು.

1833ರ ಮೇ 12ರಂದು 'ಟಸ್ಕನಿ' ಎಂಬ ಹಡಗು 180 ಟನ್ ಮಂಜುಗಡ್ಡೆ ಹೊತ್ತು ಬಾಸ್ಟನ್ ಬಿಟ್ಟಿತು. ನಾಲ್ಕು ತಿಂಗಳು ಸಾಗಿ, ಭೂಮಧ್ಯರೇಖೆಯನ್ನು ಎರಡು ಸಲ ದಾಟಿ ಸೆಪ್ಟೆಂಬರಿನಲ್ಲಿ ಕಲ್ಕತ್ತೆ ಮುಟ್ಟಿದಾಗ ಸುಮಾರು 100 ಟನ್ ಉಳಿದಿತ್ತು. ಈಸ್ಟ್ ಇಂಡಿಯಾ ಕಂಪನಿಯ ಸರಕಾರ ಈ ಸರಕಿನ ಮೇಲಿನ ಸುಂಕವನ್ನು ಬಿಟ್ಟುಕೊಟ್ಟಿತು. ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕ್, ಹಡಗಿನೊಂದಿಗೆ ಬಂದಿದ್ದ ಟ್ಯೂಡರನ ಪಾಲುದಾರ ವಿಲಿಯಂ ರೋಜರ್ಸನಿಗೆ ಬೆಳ್ಳಿಯ ಬಟ್ಟಲು ಕೊಟ್ಟು ಗೌರವಿಸಿದ. ಊರಿನ ಐರೋಪ್ಯರು ಚಂದಾ ಎತ್ತಿ ಐಸ್ ಹೌಸ್ ಕಟ್ಟಿಸಿದರು.

ಬಾಸ್ಟನ್ನಿನಿಂದ ಭಾರತಕ್ಕೆ ಬರುವ ಹಡಗುಗಳಿಗೆ ತುಂಬಲು ಸಾಕಷ್ಟು ಸರಕಿರಲಿಲ್ಲ. ಓಲಾಡದಿರಲೆಂದು ಕಲ್ಲು ಹೇರುತ್ತಿದ್ದ ಜಾಗಕ್ಕೆ ಹಣ ತರುವ ಮಂಜುಗಡ್ಡೆ ಬಂತು. ಕರಗಿದ ನೀರು ಒಳಗೆ ನಿಂತರೆ ಹಡಗಿಗೇ ಅಪಾಯವಾದ್ದರಿಂದ ನಾವಿಕರು ಮೊದಮೊದಲು ಹೆದರುತ್ತಿದ್ದರು. ಹಲಗೆ ಹೊದಿಸಿ, ಸಂದುಗಳಿಗೆ ಹೊಟ್ಟು ಒತ್ತಿ, ದಾರಿಯುದ್ದಕ್ಕೂ ನೀರೆತ್ತುವ ಪಂಪು ನಡೆಸುವುದು ಕ್ರಮವಾಯಿತು. ಗಡ್ಡೆಗಳ ಜೊತೆಗೆ ಬಾಸ್ಟನ್ನಿನ ಸೇಬು, ಬೆಣ್ಣೆಗಳೂ ಬಂದವು. ಮಂಜುಗಡ್ಡೆ ತಾನೇ ಸರಕಾಗಿದ್ದದ್ದು ಇನ್ನೊಂದು ಸರಕನ್ನು ಕಾಯುವ ಸಾಧನವೂ ಆಯಿತು.

ಮದರಾಸಿನ ಐಸ್ ಹೌಸ್ 1842ರ ಸುಮಾರಿನದು. ಆ ಊರಿಗೆ ಆಗ ಬಂದರಿರಲಿಲ್ಲ. ದೂರ ನಿಂತ ಹಡಗಿನಿಂದ ಎಲ್ಲ ಸರಕೂ ಮಸೂಲ ಎಂಬ ದೋಣಿಗಳಲ್ಲಿ ಅಲೆ ದಾಟಿ ದಡ ಸೇರಬೇಕಿತ್ತು. ಕಲ್ಕತ್ತೆ, ಬೊಂಬಾಯಿ, ಮದರಾಸುಗಳ ಐಸ್ ಹೌಸುಗಳಲ್ಲಿ ಇಂದಿಗೂ ನಿಂತಿರುವುದು ಇದೊಂದೇ. ಮುಂದೆ ಅದನ್ನು ಕೊಂಡ ವಕೀಲ ಬಿಳಿಗಿರಿ ಅಯ್ಯಂಗಾರರ ಅತಿಥಿಯಾಗಿ ಸ್ವಾಮಿ ವಿವೇಕಾನಂದರು 1897ರ ಫೆಬ್ರವರಿಯಲ್ಲಿ ಅಲ್ಲಿ ತಂಗಿದ್ದರು. ಈಗ ಅದು ಅವರ ಹೆಸರಿನ ಸ್ಮಾರಕ.

ಹೂಗ್ಲಿಯ ತಟ್ಟೆಗಳ ಕಸುಬು ಅಮೆರಿಕದ ಗಟ್ಟಿ ಗಡ್ಡೆಗಳ ಮುಂದೆ ನಿಲ್ಲಲಿಲ್ಲ. ಅಮೆರಿಕದ ಗಡ್ಡೆಗಳೂ ಯಂತ್ರದ ಮುಂದೆ ನಿಲ್ಲಲಿಲ್ಲ. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್, ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಮೊದಲಾದವರ ಯಂತ್ರಗಳು ಅನಿಲವನ್ನು ಒತ್ತಿ, ಹಿಗ್ಗಿಸಿ ತಂಪು ಹುಟ್ಟಿಸಿದವು. 1874ರಲ್ಲಿ ಮದರಾಸಿನಲ್ಲಿ ಇಂಟರ್‌ನ್ಯಾಷನಲ್ ಐಸ್ ಕಂಪನಿ, 1878ರಲ್ಲಿ ಕಲ್ಕತ್ತೆಯಲ್ಲಿ ಬೆಂಗಾಲ್ ಐಸ್ ಕಂಪನಿ ಶುರುವಾದವು. ಕೆಲವೇ ವರ್ಷಗಳಲ್ಲಿ ಬಾಸ್ಟನ್ ವ್ಯಾಪಾರ ನಿಂತಿತು. ಬಾಯ್ಲರ್ ನೋಡುವವನು, ಅಮೋನಿಯಾ ಯಂತ್ರ ನಡೆಸುವವನು ಹೊಸ ಕಸುಬುದಾರರಾದರು.

ಅದೇ ಹೊತ್ತಿಗೆ ಹಡಗಿನೊಳಗೂ ಯಂತ್ರ ಹೊಕ್ಕಿತು. 1882ರ ಫೆಬ್ರವರಿ 15ರಂದು ನ್ಯೂಜಿಲೆಂಡಿನಿಂದ ಹೊರಟ 'ಡ್ಯುನೆಡಿನ್' ಸುಮಾರು 5,000 ಕುರಿ, ಮರಿಗಳ ಮಾಂಸವನ್ನು ಹೆಪ್ಪುಗಟ್ಟಿಸಿ ಮೇ ತಿಂಗಳಲ್ಲಿ ಲಂಡನ್ನಿಗೆ ಮುಟ್ಟಿಸಿತು. ಉಷ್ಣವಲಯದಲ್ಲಿ ತಣ್ಣನೆಯ ಗಾಳಿ ಒಳಗೆ ಸರಿಯಾಗಿ ಹರಡದಿದ್ದಾಗ ಕಪ್ತಾನ ಜಾನ್ ವಿಟ್ಸನ್ ತಾನೇ ಗಾಳಿಯ ಕೊಳವೆಯೊಳಗೆ ತೆವಳಿ ಹೋಗಿ ಸರಿಪಡಿಸಿದ. ಚಳಿಯಿಂದ ಮರಗಟ್ಟಿದ ಅವನನ್ನು ಕಾಲಿಗೆ ಹಗ್ಗ ಕಟ್ಟಿ ಎಳೆದು ತಂದು ಬದುಕಿಸಬೇಕಾಯಿತು.

ಕನ್ನಡ ಕರಾವಳಿಗೆ ಈ ಕಸುಬು ತಡವಾಗಿ ಬಂತು. ಮಾರಿ ಉಳಿದ ಬಂಗುಡೆ, ಬೂತಾಯಿಗಳನ್ನು ಉಪ್ಪು ಹಾಕಿ ಒಣಗಿಸುವುದು ಅಲ್ಲಿನ ಹಳೆಯ ದಾರಿ. ಬ್ರಿಟಿಷ್ ಆಡಳಿತ ಇದಕ್ಕಾಗಿಯೇ ಸುಂಕವಿಲ್ಲದ ಉಪ್ಪು ಕೊಡುವ ಅಂಗಳಗಳನ್ನು ತೆರೆದಿತ್ತು. ರಾಶಿ ರಾಶಿ ಬೂತಾಯಿ ಬಂದರೆ ಎಣ್ಣೆಗೂ ಗೊಬ್ಬರಕ್ಕೂ ಹೋಗುತ್ತಿತ್ತು. 1953ರಲ್ಲಿ ಕೇರಳದಲ್ಲಿ ಆರಂಭವಾದ ಇಂಡೋ-ನಾರ್ವೇಜಿಯನ್ ಮೀನುಗಾರಿಕೆ ಯೋಜನೆ 1963ರಲ್ಲಿ ಕಾರವಾರಕ್ಕೂ ಬಂತು. ಯಾಂತ್ರೀಕೃತ ದೋಣಿಗಳು ಹೆಚ್ಚಿದಂತೆ ಮಂಗಳೂರಿನ ಧಕ್ಕೆ, ಮಲ್ಪೆಗಳ ಸುತ್ತ ಐಸ್ ಪ್ಲಾಂಟುಗಳು ಎದ್ದವು. ಅಮೋನಿಯಾದಿಂದ ತಣಿಸಿದ ಉಪ್ಪುನೀರಿನ ತೊಟ್ಟಿಯಲ್ಲಿ ಸಿಹಿನೀರಿನ ಡಬ್ಬಿಗಳನ್ನು ಮುಳುಗಿಸಿಟ್ಟು ಗಡ್ಡೆ ಮಾಡುವುದು, ಅದನ್ನು ಪುಡಿ ಮಾಡಿ ದೋಣಿಗೂ ಲಾರಿಗೂ ತುಂಬುವುದು ನೂರಾರು ಜನರ ದುಡಿಮೆಯಾಯಿತು. ಮೀನಿನ ತೂಕದಷ್ಟೇ ಐಸು ಬೇಕೆಂಬುದು ಬಿಸಿ ನಾಡಿನ ನಿಯಮ. ಬಾಸ್ಟನ್ನಿನವರು ಹೆದರುತ್ತಿದ್ದ ಕರಗುವಿಕೆಯೇ ಇಲ್ಲಿ ಕೆಲಸ ಮಾಡುತ್ತದೆ: ಕರಗುವ ನೀರು ಮೀನಿನ ಮೈ ತೊಳೆಯುತ್ತ ಅದನ್ನು ಸೊನ್ನೆ ಡಿಗ್ರಿಯ ಹತ್ತಿರ ಇಡುತ್ತದೆ.

ಲಾರಿಗೇ ತಂಪು ಯಂತ್ರ ಕೂರಿಸುವ ದಾರಿ ತೋರಿಸಿದವನು 1930ರ ದಶಕದ ಕೊನೆಯಲ್ಲಿ ಅಮೆರಿಕದ ಕರಿಯ ತಂತ್ರಜ್ಞ ಫ್ರೆಡೆರಿಕ್ ಮೆಕಿನ್ಲೆ ಜೋನ್ಸ್. ಭಾರತದಲ್ಲಿ 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾದ ಮೇಲೆ ಈ ಕಸುಬು ಸರಕಾರಿ ಆರೋಗ್ಯ ಕೇಂದ್ರಗಳಿಗೂ ತಲುಪಿತು. ಅಲ್ಲಿ ಮಿತಿ 2ರಿಂದ 8 ಡಿಗ್ರಿ ಸೆಲ್ಸಿಯಸ್. ಕೆಲವು ಲಸಿಕೆಗಳು ಬಿಸಿಯಿಂದ ಕೆಡುತ್ತವೆ, ಕೆಲವು ಹೆಪ್ಪುಗಟ್ಟಿದರೆ ಕೆಡುತ್ತವೆ. ಹೀಗಾಗಿ ಐಸ್ ಪ್ಯಾಕನ್ನು ಫ್ರೀಜರಿನಿಂದ ತೆಗೆದೊಡನೆ ಲಸಿಕೆಯ ಪೆಟ್ಟಿಗೆಗೆ ಹಾಕುವಂತಿಲ್ಲ. ಅಲುಗಿಸಿದಾಗ ಒಳಗೆ ನೀರಿನ ಸದ್ದು ಕೇಳುವವರೆಗೂ ಹೊರಗಿಡಬೇಕು. ಲಸಿಕೆ ಇಟ್ಟ ಪ್ರತಿ ಕೇಂದ್ರದಲ್ಲೂ ಫ್ರಿಜ್ಜಿನ ಉಷ್ಣತೆಯನ್ನು ದಿನಕ್ಕೆ ಎರಡು ಸಲ, ರಜಾದಿನವೂ ತಪ್ಪದಂತೆ, ಪುಸ್ತಕದಲ್ಲಿ ಬರೆದಿಡುವ ಹೊಣೆ ಒಬ್ಬ ಸಿಬ್ಬಂದಿಯದು. ಫ್ರಿಜ್ ಕೆಟ್ಟರೆ ಜಿಲ್ಲಾ ಕೇಂದ್ರದಿಂದ ತಂತ್ರಜ್ಞ ಬರುವವರೆಗೆ ಲಸಿಕೆಯನ್ನು ಐಸ್ ಪ್ಯಾಕ್ ತುಂಬಿದ ಕೋಲ್ಡ್ ಬಾಕ್ಸಿಗೆ ವರ್ಗಾಯಿಸಿ ಕಾಯುವುದೂ ಅವರದೇ ಕೆಲಸ.